ಪರದೇಶದಲ್ಲಿದ್ದುಕೊಂಡು ಓಣಂ ಊಟ ಹೊಂದಿಸಿಕೊಳ್ಳುವ ಬಗೆ

ಓಣಂ ಸದ್ಯ ಎಂದರೆ ಕುಡಿಬಾಳೆಯ ಎಲೆಯ ಮೇಲೆ ಸಾಲಾಗಿ ಬಡಿಸುವ, ಇಪ್ಪತ್ತಕ್ಕೂ ಹೆಚ್ಚು ಬಗೆಯ ಪದಾರ್ಥಗಳಿರುವ ಕೇರಳದ ಹಬ್ಬದ ಊಟ. ಊರಿನಲ್ಲಿರುವವರಿಗೆ ತೆಂಗು, ಬಾಳೆ, ಸುವರ್ಣಗೆಡ್ಡೆ, ಬೂದುಗುಂಬಳ, ಕರಿಬೇವು ಎಲ್ಲವೂ ಹಿತ್ತಿಲಲ್ಲೋ ಪಕ್ಕದ ಸಂತೆಯಲ್ಲೋ ಸಿಗುತ್ತವೆ. ಹೊರದೇಶಕ್ಕೆ ಹೋದವರು ಇವುಗಳಲ್ಲಿ ಒಂದೊಂದನ್ನೂ ಒಂದೊಂದು ಅಂಗಡಿಯಲ್ಲಿ ಹುಡುಕಬೇಕಾಗುತ್ತದೆ. ಮಲಯಾಳಿ ಮನೆತನಕ್ಕೆ ಸೊಸೆಯಾಗಿ, ಅಳಿಯನಾಗಿ ಸೇರಿದ ಕನ್ನಡಿಗರು, 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರು, ಬೆಂಗಳೂರಿನಲ್ಲಿ ನೆರೆಮನೆಯವರ ಓಣಂ ಉಂಡು ಆ ರುಚಿಗೆ ಒಗ್ಗಿದವರು, ಹೀಗೆ ಈ ಊಟವನ್ನು ತಮ್ಮದೆಂದೇ ಭಾವಿಸುವ ಕನ್ನಡಿಗರು ಹೊರದೇಶಗಳಲ್ಲಿ ಕಡಿಮೆಯಿಲ್ಲ. ಅವರಿಗಾಗಿ, ಬಡಿಸುವವರನ್ನು ಹುಡುಕುವುದು ಹೇಗೆ, ಯಾರೂ ಸಿಗದ ಊರಿನಲ್ಲಿ ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ದಿನ, ಆಮೇಲೆ ಜನ

ಮೊದಲು ಹಬ್ಬದ ದಿನವನ್ನು ಖಚಿತಪಡಿಸಿಕೊಳ್ಳಬೇಕು. ಮಲಯಾಳಿ ಪಂಚಾಂಗವಾದ ಕೊಲ್ಲವರ್ಷದ ಚಿಂಗಂ ತಿಂಗಳು ಆಗಸ್ಟ್ ನಡುವಿನಲ್ಲಿ ಆರಂಭವಾಗುತ್ತದೆ. ಆ ತಿಂಗಳಲ್ಲಿ ಶ್ರವಣ ನಕ್ಷತ್ರ ಬರುವ ದಿನವೇ ತಿರುವೋಣಂ. ಸೌರಮಾಸವನ್ನೂ ನಕ್ಷತ್ರವನ್ನೂ ಕೂಡಿಸಿ ನೋಡುವುದರಿಂದ ಇಂಗ್ಲಿಷ್ ತಾರೀಖು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 2023ರಲ್ಲಿ ಆಗಸ್ಟ್ 29, 2024ರಲ್ಲಿ ಸೆಪ್ಟೆಂಬರ್ 15, 2025ರಲ್ಲಿ ಸೆಪ್ಟೆಂಬರ್ 5 ತಿರುವೋಣವಾಗಿತ್ತು. ಹಬ್ಬದ ಸಂಭ್ರಮ ಆರಂಭವಾಗುವ ಅತ್ತಂ (ಹಸ್ತ ನಕ್ಷತ್ರ) ದಿನದಿಂದ ಹತ್ತನೆಯ ದಿನಕ್ಕೆ ತಿರುವೋಣಂ ಎಂಬುದು ವಾಡಿಕೆಯ ಲೆಕ್ಕ. ಅದರ ಹಿಂದಿನ ದಿನವಾದ ಉತ್ರಾಡದಂದು ಕೇರಳದ ಪೇಟೆಗಳಲ್ಲಿ ಕೊನೆಯ ಗಳಿಗೆಯ ಖರೀದಿಗೆ ಜನ ನುಗ್ಗುತ್ತಾರೆ. ಹೊರದೇಶದ ಭಾರತೀಯ ಅಂಗಡಿಗಳಲ್ಲಿಯೂ ಅದೇ ಸ್ಥಿತಿಯಾದ್ದರಿಂದ ಬಾಳೆ ಎಲೆಯನ್ನು ಆ ದಿನಕ್ಕೆಂದು ಬಿಡಬಾರದು.

ಪರದೇಶದಲ್ಲಿ ಹಬ್ಬ ತಿರುವೋಣದ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಕೆಲಸದ ದಿನಗಳಲ್ಲಿ ಸಭಾಂಗಣಕ್ಕೆ ಜನ ಸೇರುವುದು ಕಷ್ಟವಾದ್ದರಿಂದ ಮಲಯಾಳಿ ಸಂಘಗಳು ವಾರಾಂತ್ಯಗಳಲ್ಲಿ ಓಣಂ ಆಚರಿಸುತ್ತವೆ. ಒಂದು ಸಂಘ ಹಬ್ಬಕ್ಕಿಂತ ಮೊದಲಿನ ಶನಿವಾರವನ್ನು ಆರಿಸಿಕೊಂಡರೆ ಇನ್ನೊಂದು ಮುಂದಿನ ತಿಂಗಳ ಭಾನುವಾರವನ್ನು ಆರಿಸಿಕೊಳ್ಳುತ್ತದೆ. ಹೀಗಾಗಿ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೂ ಎಲ್ಲಾದರೂ ಒಂದು ಕಡೆ ಎಲೆ ಹಾಕಿರುತ್ತಾರೆ. ತಿರುವೋಣದ ದಿನ ಊಟ ತಪ್ಪಿತೆಂದು ಆ ವರ್ಷದ ಆಸೆಯನ್ನೇ ಬಿಟ್ಟುಬಿಡುವ ಅಗತ್ಯವಿಲ್ಲ.

ನನ್ನ ದೃಢವಾದ ಅಭಿಪ್ರಾಯವೆಂದರೆ, ಹೋಟೆಲನ್ನು ಹುಡುಕುವ ಮೊದಲು ಸಂಘವನ್ನು ಹುಡುಕಬೇಕು. ಒಳ್ಳೆಯ ಸದ್ಯ ಸಾಮಾನ್ಯವಾಗಿ ಸಿಗುವುದು ಸಮುದಾಯದವರು ತಾವೇ ನಿಂತು ಮಾಡಿಸುವ ಕಡೆ. ಸಿಂಗಪುರದ ಮಲಯಾಳಿ ಸಂಘ 1917ರಷ್ಟು ಹಳೆಯದು. ಬಹರೈನಿನ ಕೇರಳೀಯ ಸಮಾಜಂ 1947ರಲ್ಲಿ ಸ್ಥಾಪನೆಯಾಯಿತು. ಉತ್ತರ ಅಮೆರಿಕದ ಮಲಯಾಳಿ ಸಂಘಗಳ ಒಕ್ಕೂಟವಾದ ಫೊಕಾನ 1983ರಿಂದ ನಡೆದುಬಂದಿದೆ. ಇಂತಹ ದೊಡ್ಡ ಸಂಸ್ಥೆಗಳ ಜೊತೆಗೆ ಪಟ್ಟಣಕ್ಕೊಂದು, ಕೆಲವೆಡೆ ಆಸ್ಪತ್ರೆಗೊಂದು ಎನ್ನುವಂತೆ ಚಿಕ್ಕ ಕೂಟಗಳೂ ಇವೆ. ಕೇರಳದ ದಾದಿಯರು ಕೆಲಸ ಮಾಡುವ ಬ್ರಿಟನ್ನಿನ ಆಸ್ಪತ್ರೆಯ ಊರುಗಳಲ್ಲಿ ಇಂತಹ ಕೂಟ ಇಲ್ಲದಿರುವುದೇ ಅಪರೂಪ. ದೇವಸ್ಥಾನ ಮತ್ತು ಚರ್ಚುಗಳನ್ನೂ ಮರೆಯಬಾರದು. ಹ್ಯೂಸ್ಟನ್ನಿನಲ್ಲಿ, ಕೆನಡದ ಬ್ರಾಂಪ್ಟನ್ನಿನಲ್ಲಿ ಗುರುವಾಯೂರಪ್ಪನ ದೇವಸ್ಥಾನಗಳಿವೆ. ಕೇರಳದ ಕ್ಯಾಥೊಲಿಕ್ ಕ್ರೈಸ್ತರ ಸೀರೋ ಮಲಬಾರ್ ಸಭೆಗೆ 2001ರಲ್ಲಿ ಶಿಕಾಗೋದಲ್ಲಿ, 2016ರಲ್ಲಿ ಗ್ರೇಟ್ ಬ್ರಿಟನ್ನಿನಲ್ಲಿ ಪ್ರತ್ಯೇಕ ಧರ್ಮಪ್ರಾಂತಗಳಾದವು. ಓಣಂ ಕೇರಳದ ಎಲ್ಲ ಮತದವರ ಹಬ್ಬವಾದ್ದರಿಂದ ಚರ್ಚಿನ ಸಭಾಂಗಣದಲ್ಲಿ ಸದ್ಯ ಬಡಿಸುವುದು ಸಾಮಾನ್ಯ ಸಂಗತಿ. ಮಲಯಾಳಿಗಳ ಪರಿಚಯವೇ ಇಲ್ಲದವರು ತಮ್ಮ ಊರಿನ ಕನ್ನಡ ಕೂಟದ ಪದಾಧಿಕಾರಿಗಳನ್ನು ವಿಚಾರಿಸಬಹುದು. ಗಣೇಶೋತ್ಸವ ಮತ್ತು ಓಣಂ ಹತ್ತಿರ ಹತ್ತಿರ ಬರುವುದರಿಂದ ಅದೇ ಸಭಾಂಗಣಕ್ಕಾಗಿ, ಅದೇ ದೊಡ್ಡ ಪಾತ್ರೆಗಳಿಗಾಗಿ ಎರಡೂ ಕೂಟದವರು ಪರಸ್ಪರ ಸಂಪರ್ಕದಲ್ಲಿರುತ್ತಾರೆ.

ಸಂಘದ ಸದ್ಯಕ್ಕೆ ಟಿಕೆಟ್ ಇರುತ್ತದೆ, ಪಂಕ್ತಿಗಳೂ ನಿಗದಿಯಾಗಿರುತ್ತವೆ. ಟಿಕೆಟ್ ಕೊಳ್ಳುವಾಗ ಮೊದಲನೆಯ ಇಲ್ಲವೇ ಎರಡನೆಯ ಪಂಕ್ತಿಯನ್ನೇ ಕೇಳಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕೊನೆಯ ಪಂಕ್ತಿಯ ಹೊತ್ತಿಗೆ ಹಪ್ಪಳ ಮೆತ್ತಗಾಗಿ, ತೆಂಗು, ಮೊಸರು ಬೆರೆಸಿ ಮಾಡುವ ಅವಿಯಲ್‌ನ ತರಕಾರಿ ಕರಗಿ, ಪಾಯಸ ಗಟ್ಟಿಯಾಗಿರುತ್ತದೆ. ಇನ್ನೊಂದು ದಾರಿ ನನಗೆ ಹೆಚ್ಚು ಪ್ರಿಯವಾದದ್ದು. ಹಬ್ಬದ ಹಿಂದಿನ ರಾತ್ರಿ ಸಂಘದವರು ಸಭಾಂಗಣದಲ್ಲಿ ಕುಳಿತು ತರಕಾರಿ ಹೆಚ್ಚುತ್ತಾರೆ, ತೆಂಗಿನಕಾಯಿ ತುರಿಯುತ್ತಾರೆ. ಅಲ್ಲಿಗೆ ಚಾಕು ಹಿಡಿದು ಹೋದವರನ್ನು ಯಾರೂ ಬೇಡವೆನ್ನುವುದಿಲ್ಲ. ಅವಿಯಲ್‌ಗೆ ಎಷ್ಟುದ್ದದ ಹೋಳು, ತೆಂಗಿನ ಹಾಲಿನ ಓಲನ್‌ಗೆ ಎಷ್ಟು ತೆಳುವಾದ ಹೋಳು, ತೆಂಗಿನ ತುರಿಯ ಪಲ್ಯವಾದ ತೋರನ್‌ಗೆ ಎಷ್ಟು ಸಣ್ಣ ಹೆಚ್ಚು ಎಂಬುದು ಅಲ್ಲಿ ಒಂದೇ ರಾತ್ರಿಯಲ್ಲಿ ತಿಳಿಯುತ್ತದೆ. ಮುಂದಿನ ವರ್ಷ ಮನೆಗೇ ಊಟಕ್ಕೆ ಕರೆಯುವ ನಾಲ್ಕು ಮಂದಿಯ ಪರಿಚಯವೂ ಆಗಿರುತ್ತದೆ.

ಯಾವ ದೇಶದಲ್ಲಿ ಏನು ಸುಲಭ

ಕೊಲ್ಲಿ ದೇಶಗಳಲ್ಲಿರುವವರು ಹೆಚ್ಚು ಚಿಂತಿಸಬೇಕಾಗಿಲ್ಲ. ದುಬೈಯ ಕರಾಮ, ಶಾರ್ಜಾದ ರೋಲ ಮುಂತಾದ ಕಡೆಗಳಲ್ಲಿ ಕೇರಳದ ಹೋಟೆಲುಗಳು ಓಣಂ ಹೊತ್ತಿಗೆ ಸದ್ಯದ ಪಾರ್ಸೆಲ್ ಕೊಡುತ್ತವೆ. 1939ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ಪ್ಯಾರಗನ್ ಹೋಟೆಲಿನ ಶಾಖೆ ಕರಾಮದಲ್ಲಿದೆ. ಲುಲು ಹೈಪರ್‌ಮಾರ್ಕೆಟ್‌ಗಳಲ್ಲಿ ಬಗೆಬಗೆಯ ಪಾಯಸವನ್ನೂ ಕುಡಿಬಾಳೆ ಎಲೆಯನ್ನೂ ಹೂವಿನ ರಂಗೋಲಿಯಾದ ಪೂಕಳಂಗೆ ಬೇಕಾದ ಹೂವನ್ನೂ ಒಂದೇ ಸೂರಿನಡಿ ಕೊಳ್ಳಬಹುದು. ಅಲ್ಲಿನ ತೊಂದರೆ ಸಾಮಾನು ಸಿಗದಿರುವುದಲ್ಲ, ಜನಸಂದಣಿ. ಪಾರ್ಸೆಲ್ಲಿಗೆ ಮೊದಲೇ ಹಣ ಕಟ್ಟಿ, ತೆಗೆದುಕೊಳ್ಳುವ ಗಂಟೆಯನ್ನು ಹನ್ನೊಂದರ ಒಳಗೇ ಗೊತ್ತುಮಾಡಿಕೊಂಡರೆ ಮಧ್ಯಾಹ್ನದ ನೂಕುನುಗ್ಗಲು ತಪ್ಪುತ್ತದೆ. ಯುಎಇಯಲ್ಲಿ 2022ರಿಂದ ಶನಿವಾರ ಮತ್ತು ಭಾನುವಾರ ವಾರದ ರಜೆಯಾಗಿರುವುದರಿಂದ ಸಂಘಗಳ ಆಚರಣೆಗಳೂ ಹೆಚ್ಚಾಗಿ ಆ ದಿನಗಳಲ್ಲೇ ನಡೆಯುತ್ತವೆ.

ಸಿಂಗಪುರದ ಲಿಟ್ಲ್ ಇಂಡಿಯಾದ ಟೆಕ್ಕಾ ಮಾರುಕಟ್ಟೆಯಲ್ಲಿ, ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ ತಾಜಾ ಬಾಳೆ ಎಲೆ, ಆಗಲೇ ತುರಿದ ತೆಂಗು ಸಿಗುತ್ತವೆ. ಆ ನೆಲದಲ್ಲೂ ತೆಂಗು ಬಾಳೆಗಳೇ ಬೆಳೆಯುವುದರಿಂದ ಅಲ್ಲಿ ಮನೆಯಡುಗೆಯೇ ಲೇಸು. ಲಂಡನ್ನಿನಲ್ಲಿ ಈಸ್ಟ್ ಹ್ಯಾಮ್, ಅಮೆರಿಕದಲ್ಲಿ ಹ್ಯೂಸ್ಟನ್ ಬಳಿಯ ಸ್ಟಾಫರ್ಡ್, ಡಾಲಸ್ ಬಳಿಯ ಗಾರ್ಲಂಡ್, ನ್ಯೂಯಾರ್ಕಿನ ಕ್ವೀನ್ಸ್ ಮಲಯಾಳಿಗಳು ಹೆಚ್ಚಾಗಿರುವ ಜಾಗಗಳು. ಜರ್ಮನಿ, ಫ್ರಾನ್ಸ್, ನಾರ್ವೆ, ಸ್ವಿಟ್ಜರ್ಲೆಂಡ್ ಮುಂತಾದ ಕಡೆ ಕೇರಳದ ಅಂಗಡಿ ಸಿಗದವರು ಶ್ರೀಲಂಕಾದ ತಮಿಳರ ಅಂಗಡಿಗಳನ್ನು ಹುಡುಕಬೇಕು. ಪ್ಯಾರಿಸ್ಸಿನ ಲಾ ಶಾಪೆಲ್ ಬೀದಿಗಳಲ್ಲಿ ಅಂತಹ ಅಂಗಡಿಗಳ ಸಾಲೇ ಇದೆ. ಕೆಂಪು ಕುಚ್ಚಲಕ್ಕಿ, ತೆಂಗಿನೆಣ್ಣೆ, ಕರಿಬೇವು, ನುಗ್ಗೆಕಾಯಿ, ಪಡವಲಕಾಯಿ, ಹಪ್ಪಳ ಎಲ್ಲವೂ ಅವರ ಅಡುಗೆಗೂ ಬೇಕಾದವೇ. ಉತ್ತರ ಭಾರತದ ಸಾಮಾನಿನ ಅಂಗಡಿಯಲ್ಲಿ ಅರ್ಧ ದಿನ ಅಲೆಯುವುದಕ್ಕಿಂತ ಇಲ್ಲಿ ಅರ್ಧ ಗಂಟೆಯಲ್ಲಿ ಕೆಲಸವಾಗುತ್ತದೆ.

ಹೋಟೆಲಿನ ಸದ್ಯವೇ ಆಗಬೇಕೆಂದಿದ್ದರೆ ಹಣ ಕೊಡುವ ಮೊದಲು ಫೋನಿನಲ್ಲಿ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಅಡುಗೆ ತೆಂಗಿನೆಣ್ಣೆಯದೇ? ಅನ್ನ ಕೇರಳದ ಕೆಂಪು ಕುಚ್ಚಲಕ್ಕಿಯಾದ ಮಟ್ಟ ಅಕ್ಕಿಯದೇ, ಬಾಸ್ಮತಿಯದೇ? ಪಾಯಸಗಳಲ್ಲಿ ತೆಂಗಿನ ಹಾಲಿನ ಪ್ರಥಮನ್ ಒಂದಾದರೂ ಇದೆಯೇ? ಕಾಳನ್ ಮತ್ತು ಓಲನ್ ಇವೆಯೇ? ಈ ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಬಂದರೆ ಅಡುಗೆಯವರು ಬಲ್ಲವರೆಂದು ತಿಳಿಯಬಹುದು. ಸಾಂಬಾರು, ತೋರನ್‌ಗಳನ್ನು ಯಾವ ದಕ್ಷಿಣ ಭಾರತದ ಹೋಟೆಲಿನವರೂ ಮಾಡಿಯಾರು. ಹುಳಿಮೊಸರನ್ನು ಒಡೆಯದಂತೆ ಬತ್ತಿಸಿ ಕಾಳನ್ ಮಾಡಲು ಅಭ್ಯಾಸ ಬೇಕು. ಪದಾರ್ಥಗಳ ಸಂಖ್ಯೆಯನ್ನು ನೋಡಿ ಮರುಳಾಗಬಾರದು. ಪನೀರ್ ಪಲ್ಯವನ್ನೂ ಗೋಬಿಯನ್ನೂ ಸೇರಿಸಿ ಇಪ್ಪತ್ತಾರು ಎಣಿಸುವ ಎಲೆಗಿಂತ, ಸರಿಯಾಗಿ ಮಾಡಿದ ಹತ್ತು ಪದಾರ್ಥಗಳ ಎಲೆ ನೂರು ಪಾಲು ಮೇಲು. ಕಣ್ಣೂರು, ಕೋಝಿಕ್ಕೋಡು ಕಡೆಯ ಕೆಲವು ಮನೆಗಳಲ್ಲಿ ಓಣಂ ಊಟಕ್ಕೆ ಮೀನು, ಮಾಂಸವೂ ಇರುತ್ತದೆ. ಸಸ್ಯಾಹಾರಿಗಳು ಬುಕಿಂಗ್ ಮಾಡುವಾಗಲೇ ವಿಚಾರಿಸಿಕೊಳ್ಳುವುದು ಕ್ಷೇಮ.

ಸಾಮಾನು ಹೊಂದಿಸುವುದು

ಮನೆಯಲ್ಲೇ ಮಾಡುವವರು ಮೂರು ಬಗೆಯ ಅಂಗಡಿಗಳಿಗೆ ಹೋಗಬೇಕಾಗುತ್ತದೆ. ಮಟ್ಟ ಅಕ್ಕಿ, ಅಡ (ಪಾಯಸಕ್ಕೆ ಹಾಕುವ ಅಕ್ಕಿಹಿಟ್ಟಿನ ಒಣ ಚೂರುಗಳು), ಬೆಲ್ಲ, ಬೇಳೆ, ಹಪ್ಪಳ, ತೆಂಗಿನೆಣ್ಣೆ ಭಾರತೀಯ ಅಂಗಡಿಯಲ್ಲಿ ಸಿಗುತ್ತವೆ. ಡಬಲ್ ಹಾರ್ಸ್, ನಿರಪರ ಮುಂತಾದ ಕೇರಳದ ಹೆಸರುಗಳು ಕಂಡರೆ ಆ ಅಂಗಡಿಗೆ ಮಲಯಾಳಿ ಗಿರಾಕಿಗಳಿದ್ದಾರೆ ಎಂದೇ ಅರ್ಥ. ಹಾಗಿದ್ದಲ್ಲಿ ಓಣಂಗೆ ಏನೇನು ತರಿಸುತ್ತೀರಿ ಎಂದು ಮಾಲೀಕರನ್ನೇ ಕೇಳಿ, ಬೇಕಾದದ್ದನ್ನು ಹೆಸರು ಬರೆಸಿ ಇಟ್ಟುಬರಬಹುದು. ಮಟ್ಟ ಅಕ್ಕಿ ಸಿಗದಿದ್ದರೆ ನಮ್ಮ ಕರಾವಳಿಯ ಕೆಂಪು ಕುಚ್ಚಲಕ್ಕಿ ಅದರ ಜಾಗವನ್ನು ಚೆನ್ನಾಗಿಯೇ ತುಂಬುತ್ತದೆ.

ತರಕಾರಿಗೆ ಮಾತ್ರ ಚೀನೀ, ಥಾಯ್, ವಿಯೆಟ್ನಾಮೀ ಅಂಗಡಿಗಳಿಗೇ ಹೋಗಬೇಕು. ಚೀನೀಯರ ದೊಡ್ಡ ವಿಂಟರ್ ಮೆಲನ್ ನಮ್ಮ ಬೂದುಗುಂಬಳವೇ ಆಗಿದ್ದು, ಓಲನ್‌ಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಗಜ ಉದ್ದದ ಅಲಸಂದೆ ಕೋಡು, ಮರಗೆಣಸು, ಹೆಪ್ಪುಗಟ್ಟಿಸಿದ ಬಾಳೆ ಎಲೆ, ತೆಂಗಿನ ತುರಿ ಅಲ್ಲಿಯೇ ಸಿಗುತ್ತವೆ. ಸುವರ್ಣಗೆಡ್ಡೆ ತಾಜಾ ಸಿಗದಿದ್ದರೆ ಭಾರತೀಯ ಅಂಗಡಿಯ ಫ್ರೀಜರಿನಲ್ಲಿ ಹೋಳು ಮಾಡಿಟ್ಟದ್ದು ಇರುತ್ತದೆ, ಕಾಳನ್‌ಗೆ ಅದು ಸಾಕು. ಮಂಗಳೂರು ಸೌತೆ ಸಿಗದ ಕಡೆ ಮಾಮೂಲಿ ಸೌತೆಕಾಯಿಯ ತಿರುಳು ತೆಗೆದು, ಮೊಸರಿನ ಪದಾರ್ಥವಾದ ಕಿಚಡಿ ಮಾಡಬಹುದು. ಅವಿಯಲ್‌ಗೆ ಅದನ್ನು ಹಾಕಿದರೆ ನೀರೊಡೆಯುತ್ತದೆ.

ನೇಂದ್ರ ಬಾಳೆಕಾಯಿಗೆ ಬದಲಾಗಿ ಕೆರಿಬಿಯನ್, ಲ್ಯಾಟಿನ್ ಅಮೆರಿಕನ್ ಅಂಗಡಿಗಳ ಪ್ಲಾಂಟೇನ್ ಇದೆ. ಅಡುಗೆಬಾಳೆಯ ಒಂದೇ ಬಳಗಕ್ಕೆ ಸೇರಿದವಾದ್ದರಿಂದ ಉಪ್ಪೇರಿ (ಬಾಳೆಕಾಯಿ ಚಿಪ್ಸ್), ಕಾಳನ್, ಅವಿಯಲ್ ಮೂರಕ್ಕೂ ಹೊಂದುತ್ತದೆ. ಉಪ್ಪೇರಿಗೆಂದು ಕೊಳ್ಳುವಾಗ ತೊಟ್ಟಿನ ಬಳಿಯೂ ಹಳದಿ ಛಾಯೆ ಇಲ್ಲದ, ಬೆರಳಿನಿಂದ ಒತ್ತಿದರೆ ಜಗ್ಗದ ಕಾಯಿಗಳನ್ನೇ ಆರಿಸಬೇಕು. ಸಿಪ್ಪೆ ತೆಗೆದು ಅರಿಸಿನದ ನೀರಿನಲ್ಲಿ ಕಾಲು ಗಂಟೆ ಇಟ್ಟರೆ ಸೊನೆ ಬಿಡುತ್ತದೆ. ಆಮೇಲೆ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಕಾದ ತೆಂಗಿನೆಣ್ಣೆಗೆ ತೆಳುವಾಗಿ ಕತ್ತರಿಸಿ ಬಿಡಬೇಕು. ಅರ್ಧ ಬೆಂದಾಗ ಉಪ್ಪು, ಅರಿಸಿನ ಕದಡಿದ ನೀರನ್ನು ಒಂದು ಚಮಚ ಮಾತ್ರ ಎಣ್ಣೆಗೆ ಹಾಕಿ, ಕೂಡಲೇ ಹಿಂದೆ ಸರಿಯಬೇಕು. ಎಣ್ಣೆ ಭೋರೆಂದು ಉಕ್ಕಿ ಮೇಲೇಳುತ್ತದೆ. ಬಾಣಲೆ ಅರ್ಧಕ್ಕಿಂತ ಹೆಚ್ಚು ತುಂಬಿರದಿದ್ದರೆ ಅಪಾಯ ಕಡಿಮೆ. ಆ ಭೋರ್ಗರೆತ ಇಳಿದು, ಚೂರುಗಳು ಒಂದಕ್ಕೊಂದು ತಾಗುವಾಗ ಗಲಗಲ ಸದ್ದು ಬಂದರೆ ಬೆಂದಿದೆ ಎಂದರ್ಥ. ಬಾಡಿಗೆಯ ಫ್ಲ್ಯಾಟುಗಳಲ್ಲಿ ಹೊಗೆಯ ಅಲಾರಂ ಇರುವುದರಿಂದ ಕಿಟಕಿ ತೆರೆದಿಟ್ಟು ಕರಿಯಬೇಕು. ಇಷ್ಟು ಶ್ರಮ ಬೇಡವೆಂದರೆ ಉಪ್ಪೇರಿ, ಬೆಲ್ಲದ ಪಾಕ ಹಚ್ಚಿದ ಬಾಳೆಕಾಯಿ ಚೂರುಗಳಾದ ಶರ್ಕರ ವರಟ್ಟಿ ಎರಡನ್ನೂ ಪೊಟ್ಟಣದಲ್ಲಿ ಕೊಳ್ಳಬಹುದು. ಪೊಟ್ಟಣದ ಮೇಲೆ ತೆಂಗಿನೆಣ್ಣೆ ಎಂದಿದೆಯೇ, ತಾಳೆ ಎಣ್ಣೆ ಎಂದಿದೆಯೇ ಎಂದು ಓದಿ ನೋಡಿದರಾಯಿತು.

ತೆಂಗಿನ ವಿಷಯದಲ್ಲಿ ರಾಜಿ ಮಾಡಿಕೊಂಡರೆ ಇಡೀ ಊಟ ಕೆಡುತ್ತದೆ. ಬೇಕರಿಗಳಿಗೆಂದು ಮಾರುವ ಒಣ ತೆಂಗಿನ ಪುಡಿಯಿಂದ ಅವಿಯಲ್ ಮಾಡಿದರೆ ಮರದ ಹೊಟ್ಟು ತಿಂದಂತಾಗುತ್ತದೆ. ಹೆಪ್ಪುಗಟ್ಟಿಸಿದ ತುರಿಯನ್ನು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ, ಬೆಳಿಗ್ಗೆ ಸ್ವಲ್ಪ ಬಿಸಿನೀರು ಚಿಮುಕಿಸಿ ಅರೆದರೆ ತಾಜಾ ಕಾಯಿಯ ಹತ್ತಿರಕ್ಕೆ ಬರುತ್ತದೆ. ತೆಂಗಿನ ಹಾಲನ್ನು ಡಬ್ಬಿಯಲ್ಲಿ ಕೊಳ್ಳುವಾಗ ಲೈಟ್ ಎಂದು ಬರೆದದ್ದನ್ನು ಬಿಟ್ಟು, ಪದಾರ್ಥಗಳ ಪಟ್ಟಿಯಲ್ಲಿ ತೆಂಗು ಮತ್ತು ನೀರು ಮಾತ್ರ ಇರುವುದನ್ನು ಆರಿಸಬೇಕು.

ಊರಿನಿಂದ ಬರುವವರ ಕೈಯಲ್ಲಿ ತರಿಸುವುದಾದರೆ ಆಯಾ ದೇಶದ ಸುಂಕದ ಕಟ್ಟೆಯ ನಿಯಮಗಳನ್ನು ಮೊದಲೇ ನೋಡಿಕೊಳ್ಳಬೇಕು. ಕಿತ್ತಳೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟದ ಭಯದಿಂದ ಅಮೆರಿಕಕ್ಕೆ ಪ್ರಯಾಣಿಕರು ಹಸಿ ಕರಿಬೇವನ್ನು ಒಯ್ಯುವಂತಿಲ್ಲ. ಖಾಪ್ರಾ ಎಂಬ ಧಾನ್ಯದ ಹುಳುವಿನ ಕಾರಣಕ್ಕೆ ಭಾರತದ ಅಕ್ಕಿಯನ್ನೂ ಅಲ್ಲಿಗೆ ಪೆಟ್ಟಿಗೆಯಲ್ಲಿ ತರಲು ಬಿಡುವುದಿಲ್ಲ. ಐರೋಪ್ಯ ಒಕ್ಕೂಟ ಮತ್ತು ಬ್ರಿಟನ್ನಿಗೆ ಭಾರತದಿಂದ ಹಾಲಿನ ಹಾಗೂ ಮಾಂಸದ ಪದಾರ್ಥಗಳನ್ನು ಒಯ್ಯಲಾಗದು, ಹಾಗಾಗಿ ಊರಿನ ತುಪ್ಪದ ಡಬ್ಬಿಯನ್ನು ಊರಲ್ಲೇ ಬಿಡಬೇಕು. ಆಸ್ಟ್ರೇಲಿಯಾದಲ್ಲಿ ಆಹಾರ ಪದಾರ್ಥ ಏನಿದ್ದರೂ ಘೋಷಿಸಲೇಬೇಕು, ಮುಚ್ಚಿಟ್ಟರೆ ದಂಡ ಬೀಳುತ್ತದೆ. ಕಾರ್ಖಾನೆಯಲ್ಲೇ ಮುಚ್ಚಿದ ಉಪ್ಪೇರಿ, ಅಡ, ಮಸಾಲೆ ಪುಡಿಯ ಪೊಟ್ಟಣಗಳನ್ನು ತರಿಸುವುದೇ ಒಳ್ಳೆಯದು, ಅವನ್ನೂ ಕೇಳಿದಾಗ ತೋರಿಸಬೇಕು. ಕರಿಬೇವನ್ನು ಅಲ್ಲಿಯ ಅಂಗಡಿಯಲ್ಲೇ ಕೊಂಡು, ತೊಳೆದು, ಪೂರ್ತಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ಫ್ರೀಜರಿಗಿಟ್ಟರೆ ಹಬ್ಬದವರೆಗೂ ಕೆಡುವುದಿಲ್ಲ.

ಯಾವುದನ್ನು ಯಾವಾಗ ಮಾಡುವುದು

ಎಲ್ಲವನ್ನೂ ತಿರುವೋಣದ ಬೆಳಿಗ್ಗೆಯೇ ಮಾಡಲು ಹೊರಟರೆ ಮಾಡುವವರಿಗೆ ಉಣ್ಣುವ ಶಕ್ತಿಯೇ ಉಳಿಯುವುದಿಲ್ಲ. ಸದ್ಯದ ಪದಾರ್ಥಗಳಲ್ಲಿ ಕೆಲವು ಇಟ್ಟಷ್ಟೂ ರುಚಿಗೂಡುವಂಥವು. ಶುಂಠಿ, ಹಸಿಮೆಣಸು, ಹುಣಸೆ, ಬೆಲ್ಲಗಳ ಪುಳಿ ಇಂಜಿಯನ್ನು ಒಂದು ವಾರ ಮೊದಲೇ ಮಾಡಿಡಬಹುದು, ಉಪ್ಪಿನಕಾಯಿಯೂ ಹಾಗೆಯೇ. ಗಟ್ಟಿಯಾಗಿ ಬತ್ತಿಸಿದ ಕಾಳನ್ ಎರಡು ಮೂರು ದಿನ ಹಿಂದಿನದಾದರೆ ಇನ್ನೂ ಒಳ್ಳೆಯದು. ನಮ್ಮ ಕರಾವಳಿಯ ಮೇಲಾರ (ಮಜ್ಜಿಗೆ ಹುಳಿ) ಮಾಡಿ ಬಲ್ಲವರಿಗೆ ಕಾಳನ್ ಕಷ್ಟವಲ್ಲ, ಮೊಸರು ಮಾತ್ರ ಇನ್ನೂ ಹುಳಿಯಾಗಿ, ಇನ್ನೂ ದಪ್ಪವಾಗಿರಬೇಕು. ಚಳಿ ದೇಶಗಳ ಅಂಗಡಿಯ ಮೊಸರು ಸಪ್ಪೆಯಾಗಿರುತ್ತದೆ, ಆದ್ದರಿಂದ ಅದನ್ನು ಮೊದಲೇ ಕೊಂಡು ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿ ಹೊರಗಿಟ್ಟು ಹುಳಿಬರಿಸಬೇಕು. ಒಲೆಯ ಮೇಲಿರುವಷ್ಟು ಹೊತ್ತೂ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಲೇ ಇರಬೇಕು.

ಉತ್ರಾಡದ ಸಂಜೆ ತರಕಾರಿ ಹೆಚ್ಚಿ, ಎರಿಶ್ಶೇರಿಗೆ ಕುಂಬಳಕಾಯಿ ಮತ್ತು ಅಲಸಂದೆ ಬೇಯಿಸಿ, ಸಾಂಬಾರಿನ ಬೇಳೆ ಬೇಯಿಸಿ ಇಟ್ಟರೆ ಮರುದಿನ ಅರ್ಧ ಹೊರೆ ಇಳಿಯುತ್ತದೆ. ಅವಿಯಲ್, ಓಲನ್, ತೋರನ್, ಅನ್ನ, ಹಪ್ಪಳ ಮಾತ್ರ ಅದೇ ದಿನ ಬೆಳಿಗ್ಗೆ ಆಗಬೇಕು. ಅವಿಯಲ್‌ಗೆ ಒಗ್ಗರಣೆ ಇಲ್ಲ. ತೆಂಗು, ಜೀರಿಗೆ, ಹಸಿಮೆಣಸನ್ನು ತರಿತರಿಯಾಗಿ ಅರೆದು ಬೆಂದ ತರಕಾರಿಗೆ ಸೇರಿಸಿ, ಮೊಸರು ಬೆರೆಸಿ, ಕೊನೆಗೆ ಹಸಿ ತೆಂಗಿನೆಣ್ಣೆಯನ್ನೂ ಕರಿಬೇವನ್ನೂ ಮೇಲೆ ಹಾಕಿ ಮುಚ್ಚಿಡಬೇಕು. ಆ ಹಸಿ ಎಣ್ಣೆಯ ಪರಿಮಳವೇ ಅವಿಯಲ್‌ನ ಜೀವ. ಸಾಸಿವೆ ಸಿಡಿಸುವ ಅಭ್ಯಾಸ ನಮ್ಮ ಕೈಯಲ್ಲಿ ಗಟ್ಟಿಯಾಗಿ ಕೂತಿರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಅಡ ಪ್ರಥಮನ್ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಉಳಿದ ಪದಾರ್ಥಗಳಲ್ಲಿ ಕೊರತೆಯಾದರೂ ಒಳ್ಳೆಯ ಪ್ರಥಮನ್ ಇದ್ದರೆ ಅದು ಓಣಂ ಊಟವೇ ಆಗುತ್ತದೆ. ಎಂಟು ಹತ್ತು ಜನಕ್ಕೆ 200 ಗ್ರಾಂ ಅಕ್ಕಿಯ ಅಡ, 400ರಿಂದ 500 ಗ್ರಾಂ ಬೆಲ್ಲ, 400 ಮಿಲಿಲೀಟರಿನ ಮೂರು ಡಬ್ಬಿ ತೆಂಗಿನ ಹಾಲು ಸಾಕು. ನೀರನ್ನು ಚೆನ್ನಾಗಿ ಕುದಿಸಿ, ಅಡ ಹಾಕಿ, ಉರಿ ಆರಿಸಿ, ಅರ್ಧ ಗಂಟೆ ಮುಚ್ಚಿಡಬೇಕು. ಒಂದು ಚೂರನ್ನು ಎರಡು ಬೆರಳ ನಡುವೆ ಹಿಸುಕಿದಾಗ ನಡುವೆ ಬಿಳಿಯ ಗಟ್ಟಿ ಎಳೆ ಉಳಿದಿರಬಾರದು, ಉಳಿದಿದ್ದರೆ ಇನ್ನಷ್ಟು ಹೊತ್ತು ಬಿಡಬೇಕು. ಆಮೇಲೆ ಬಸಿದು, ಅಂಟು ಹೋಗುವವರೆಗೆ ಎರಡು ಸಲ ತಣ್ಣೀರಿನಲ್ಲಿ ತೊಳೆಯಬೇಕು. ಇಲ್ಲಿ ಅವಸರ ಸಲ್ಲದು. ಬೆಲ್ಲ ಸೇರಿದ ಮೇಲೆ ಅಡ ಮತ್ತೆ ಮೆತ್ತಗಾಗುವುದಿಲ್ಲ, ಹಸಿ ಉಳಿದದ್ದು ಕೊನೆಯವರೆಗೂ ಹಲ್ಲಿಗೆ ಸಿಕ್ಕುತ್ತದೆ.

ಬೆಲ್ಲವನ್ನು ಒಂದು ಲೋಟ ನೀರಿನಲ್ಲಿ ಕರಗಿಸಿ, ಮರಳು ಹೋಗಲು ಸೋಸಿ, ದಪ್ಪ ತಳದ ಪಾತ್ರೆಯಲ್ಲಿ ಅಡದೊಂದಿಗೆ ಕುದಿಸಬೇಕು. ಬೆಲ್ಲ ಅಡಕ್ಕೆ ಹತ್ತಿ ಹೊಳೆಯತೊಡಗಿದಾಗ ಎರಡು ಚಮಚ ತುಪ್ಪ ಹಾಕಿ ಕೈಯಾಡಿಸಬೇಕು. ಊರಿನಲ್ಲಿ ಕಾಯಿಯಿಂದ ಮೂರು ಸಲ ಹಾಲು ಹಿಂಡಿ, ತೆಳುವಾದುದನ್ನು ಮೊದಲು, ದಪ್ಪನೆಯದನ್ನು ಕೊನೆಗೆ ಹಾಕುತ್ತಾರೆ. ಡಬ್ಬಿಯ ಹಾಲಿನಲ್ಲಿ ಅದೇ ಕ್ರಮ ಬರಬೇಕಾದರೆ, ಎರಡು ಡಬ್ಬಿಗೆ ಅಷ್ಟೇ ನೀರು ಬೆರೆಸಿ ಮೊದಲು ಹಾಕಿ ಕುದಿಸಿ ಬತ್ತಿಸಬೇಕು. ಮೂರನೆಯ ಡಬ್ಬಿಯನ್ನು ನೀರು ಬೆರೆಸದೆ, ಉರಿ ಆರಿಸಿದ ಮೇಲೆ ಸುರಿಯಬೇಕು. ದಪ್ಪ ಹಾಲು ಕುದಿದರೆ ಒಡೆದು ಎಣ್ಣೆ ಬಿಡುತ್ತದೆ. ಏಲಕ್ಕಿ, ಒಣಶುಂಠಿಯ ಪುಡಿ, ತುಪ್ಪದಲ್ಲಿ ಹುರಿದ ತೆಂಗಿನ ಚೂರು, ಗೋಡಂಬಿ ಸೇರಿದರೆ ಪ್ರಥಮನ್ ಸಿದ್ಧ. ಆರಿದಂತೆ ಗಟ್ಟಿಯಾಗುವುದರಿಂದ ಸೌಟಿನಿಂದ ಇನ್ನೂ ಸಲೀಸಾಗಿ ಸುರಿಯುವ ಹದದಲ್ಲೇ ನಿಲ್ಲಿಸಬೇಕು.

ನಾಲ್ಕೈದು ಮನೆಗಳು ಸೇರಿ ಮಾಡುವುದಾದರೆ, ಯಾರ ಮನೆಯಿಂದ ಯಾವ ಪದಾರ್ಥ ಎಂದು ಹೆಸರು ಹಿಡಿದು ಹಂಚಿಕೊಳ್ಳಬೇಕು. ಇಷ್ಟವಾದದ್ದನ್ನು ತನ್ನಿ ಎಂದು ಬಿಟ್ಟರೆ ಎಲ್ಲರೂ ತೋರನ್, ಪಚ್ಚಡಿಗಳನ್ನೇ ತರುತ್ತಾರೆ. ಪ್ರಥಮನ್ ಮತ್ತು ಕಾಳನ್‌ಗಳನ್ನು ಕೈ ಪಳಗಿದವರಿಗೇ ಒಪ್ಪಿಸಬೇಕು. ಮೊದಲ ಬಾರಿಗೆ ಮಾಡುವವರಿಗೆ ಓಲನ್ ಒಳ್ಳೆಯದು, ಬೂದುಗುಂಬಳ, ಅಲಸಂದೆ ಕಾಳು, ತೆಂಗಿನ ಹಾಲು, ಹಸಿಮೆಣಸು, ಕರಿಬೇವು ಬಿಟ್ಟರೆ ಅದಕ್ಕೆ ಬೇರೇನೂ ಬೇಡ.

ಎಲೆ ಹಾಕುವುದು

ಹೆಪ್ಪುಗಟ್ಟಿಸಿದ ಬಾಳೆ ಎಲೆಯನ್ನು ಅವಸರದಿಂದ ಬಿಚ್ಚಿದರೆ ಮಡಿಕೆಯಲ್ಲೇ ಸೀಳುತ್ತದೆ. ಪೊಟ್ಟಣವನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟು ಕರಗಲು ಬಿಟ್ಟು, ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಎರಡೂ ಬದಿ ಒರೆಸಿ, ಉರಿಯ ಮೇಲೆ ದೂರದಿಂದ ಒಮ್ಮೆ ಹಾಯಿಸಬೇಕು. ಮಾಸಲು ಹಸಿರು ಗಾಢವಾಗಿ, ಎಲೆ ಬಟ್ಟೆಯಂತೆ ಬಾಗತೊಡಗುತ್ತದೆ. ವಿದ್ಯುತ್ ಒಲೆ ಇರುವ ಮನೆಗಳಲ್ಲಿ ಬಿಸಿನೀರಿನಲ್ಲಿ ಅದ್ದಿ ತೆಗೆದರೂ ಆದೀತು. ಎಲೆಯ ಚಿತ್ರ ಅಚ್ಚು ಹಾಕಿದ, ಪ್ಲಾಸ್ಟಿಕ್ ಲೇಪನದ ಕಾಗದದ ಎಲೆಗಳೂ ಮಾರಾಟಕ್ಕಿವೆ. ಬಿಸಿ ಅನ್ನ, ಬಿಸಿ ಪಾಯಸಗಳನ್ನು ಅವುಗಳ ಮೇಲೆ ಬಡಿಸುವುದಕ್ಕಿಂತ ಸ್ಟೀಲ್ ತಟ್ಟೆಯಲ್ಲಿ ಉಣ್ಣುವುದೇ ಮೇಲೆಂದು ನಾನು ನಂಬಿದ್ದೇನೆ.

ಎಲೆಯ ಕುಡಿ ಉಣ್ಣುವವರ ಎಡಕ್ಕೆ ಬರಬೇಕು. ಎಡತುದಿಯಲ್ಲಿ ಉಪ್ಪೇರಿ, ಶರ್ಕರ ವರಟ್ಟಿ, ಅಲ್ಲಿಂದ ಬಲಕ್ಕೆ ಪುಳಿ ಇಂಜಿ, ಉಪ್ಪಿನಕಾಯಿ, ಆಮೇಲೆ ಮೇಲರ್ಧದಲ್ಲಿ ಪಚ್ಚಡಿ, ಕಿಚಡಿ, ತೋರನ್, ಓಲನ್, ಎರಿಶ್ಶೇರಿ, ಅವಿಯಲ್, ಕೂಟುಕರಿ, ಕಾಳನ್ ಬರುತ್ತವೆ. ಬಾಳೆಹಣ್ಣು, ಹಪ್ಪಳ ಕೆಳಗೆ ಎಡಕ್ಕೆ. ಅನ್ನಕ್ಕೆ ಮೊದಲು ತೊವ್ವೆ ತುಪ್ಪ, ನಂತರ ಸಾಂಬಾರು, ಪಾಯಸ, ಕೊನೆಗೆ ರಸಂ, ಮಜ್ಜಿಗೆ ಎಂಬುದು ಸಾಮಾನ್ಯ ಕ್ರಮ. ಊರಿಂದೂರಿಗೆ ಇದರಲ್ಲಿ ವ್ಯತ್ಯಾಸವಿದೆ, ತಮ್ಮ ಕ್ರಮವೇ ಸರಿಯೆಂದು ಪ್ರತಿಯೊಬ್ಬರೂ ಹೇಳುವುದನ್ನು ಗೌರವದಿಂದ ಕೇಳಿಸಿಕೊಳ್ಳಬೇಕು. ತಿರುವನಂತಪುರದ ಕಡೆಯವರು ಪಾಯಸದ ಜೊತೆ ಬೋಳಿ ಬಡಿಸುತ್ತಾರೆ, ಅದು ನಮ್ಮ ಹೋಳಿಗೆಯ ಹತ್ತಿರದ ಬಂಧು. ಆದ್ದರಿಂದ ಕನ್ನಡಿಗರ ಮನೆಯಿಂದ ಓಣಂ ಊಟಕ್ಕೆ ಏನು ಒಯ್ಯುವುದೆಂದು ಯೋಚಿಸುವವರು ತೆಳುವಾದ ಬೇಳೆ ಹೋಳಿಗೆಯನ್ನು ಧಾರಾಳವಾಗಿ ಒಯ್ಯಬಹುದು. ಉಂಡಾದ ಮೇಲೆ ಎಲೆಯನ್ನು ಮೇಲಿನಿಂದ ತಮ್ಮ ಕಡೆಗೆ ಮಡಚುವುದು ರೂಢಿ.

ಉಳಿದ ಹಬ್ಬಗಳು

ಏಪ್ರಿಲ್ 14 ಅಥವಾ 15ಕ್ಕೆ ಬರುವ ವಿಷುವಿಗೂ ಸದ್ಯವಿರುತ್ತದೆ. ತುಳುನಾಡಿನವರು ಅದೇ ಹೊತ್ತಿಗೆ ಬಿಸು ಆಚರಿಸುವುದರಿಂದ ಹೊರದೇಶದ ತುಳು, ಕನ್ನಡ, ಮಲಯಾಳಿ ಕುಟುಂಬಗಳು ಒಟ್ಟಿಗೆ ಸಾಮಾನು ತರಿಸಿಕೊಂಡರೆ ಎಲ್ಲರಿಗೂ ಅನುಕೂಲ. ವಿಷುವಿನ ಬೆಳಿಗ್ಗೆ ಮೊದಲು ನೋಡಲೆಂದು ಜೋಡಿಸಿಡುವ ಕಣಿಗೂ ಅಡುಗೆಗೂ ಬೇಕಾದ ಮಂಗಳೂರು ಸೌತೆಯನ್ನು ಅಂಗಡಿಯವರಿಗೆ ಮುಂಚೆಯೇ ಹೇಳಿಡಬೇಕು. ಧನು ಮಾಸದ ತಿರುವಾದಿರೆ ಹಬ್ಬಕ್ಕೆ ಗೆಡ್ಡೆಗೆಣಸುಗಳ ಪುಳುಕ್ಕು ಮತ್ತು ಕೂವೆ (ಆರೋರೂಟ್) ಹಿಟ್ಟಿನ ಪಾಯಸ ಬೇಕು. ಹೊರದೇಶದ ಅಂಗಡಿಗಳಲ್ಲಿ ಆರೋರೂಟ್ ಎಂಬ ಹೆಸರಿನಲ್ಲಿ ಮರಗೆಣಸಿನ ಹಿಟ್ಟನ್ನೂ ಮಾರುವುದುಂಟು, ಪದಾರ್ಥದ ಪಟ್ಟಿ ಓದಿಯೇ ಕೊಳ್ಳಬೇಕು.

ಕ್ರಿಸ್‌ಮಸ್ಸಿನ ಪ್ಲಮ್ ಕೇಕನ್ನು ಕೇರಳದವರು ತಲಶ್ಶೇರಿಯ ಮಾಂಬಳ್ಳಿ ಬೇಕರಿಯ 1883ರ ಕೇಕಿನಿಂದ ಲೆಕ್ಕ ಹಿಡಿಯುತ್ತಾರೆ. ಡಿಸೆಂಬರ್ ಮೊದಲ ವಾರದೊಳಗೆ ಮಲಯಾಳಿ ಅಂಗಡಿಗಳಿಗೆ ಊರಿನ ಬೇಕರಿಗಳ ಕೇಕು ಬಂದಿರುತ್ತದೆ, ಮನೆಯಿಂದಲೇ ಮಾಡಿ ಮಾರುವವರೂ ಚರ್ಚಿನ ಬಳಗದಲ್ಲಿ ಸಿಗುತ್ತಾರೆ. ಮಲಬಾರಿನ ಮುಸ್ಲಿಮರ ಈದ್ ಬಿರಿಯಾನಿಗೆ ಬಾಸ್ಮತಿ ಸಲ್ಲದು, ಸಣ್ಣ ಕಾಳಿನ ಜೀರಕಶಾಲ ಅಕ್ಕಿಯೇ ಬೇಕು. ಅದು ಕೈಮ ಎಂಬ ಹೆಸರಿನಲ್ಲೂ ಸಿಗುತ್ತದೆ. ಇನ್ನು ಈಸ್ಟರಿಗೆ ಮುಂಚಿನ ಪೆಸಹಾ ಗುರುವಾರದ ಅಪ್ಪ ಮತ್ತು ಬೆಲ್ಲದ ಹಾಲನ್ನು ಹೋಟೆಲುಗಳಲ್ಲಿ ಹುಡುಕುವುದು ತರವಲ್ಲ. ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ಪ್ರಾರ್ಥನೆಯ ನಂತರ ಮನೆಯ ಹಿರಿಯರು ಮುರಿದು ಹಂಚುವ ಆಹಾರವದು. ಅದರ ರುಚಿ ನೋಡಬೇಕೆಂದಿದ್ದರೆ ಪರಿಚಯದ ಕುಟುಂಬದವರನ್ನು, ಆ ವಾರಕ್ಕೆ ಸಾಕಷ್ಟು ಮುಂಚಿತವಾಗಿ, ತಾವು ಬರಬಹುದೇ ಎಂದು ನೇರವಾಗಿ ಕೇಳಬೇಕು.